ಕಾಕತಿಯ ಮಗಳು, ಕಿತ್ತೂರಿನ ಸೊಸೆ

ನಮ್ಮ ನಾಡಿನಲ್ಲಿ ಹೆಣ್ಣಾಗಿ ಹುಟ್ಟಿದವಳಿಗೆ ಒಂದು ವಲಸೆ ತಪ್ಪಿದ್ದಲ್ಲ. ಹುಟ್ಟಿದ ಮನೆಯ ಹೊಸ್ತಿಲನ್ನು ದಾಟಿ, ಹಿಂದೆಂದೂ ಕಾಣದ ಊರಿಗೆ, ಕಾಣದ ಜನರ ನಡುವೆ ಹೋಗಿ, ಆ ಊರೇ ತನ್ನ ಊರು, ಆ ಜನವೇ ತನ್ನ ಜನ ಎಂದುಕೊಂಡು ಬಾಳುವುದು ನೂರಾರು ತಲೆಮಾರುಗಳಿಂದ ನಡೆದು ಬಂದಿದೆ. ಗಂಡಸು ಊರು ಬಿಟ್ಟು ಹೋಗಿ ಬೇರೆಡೆ ನೆಲೆಸಿದರೆ ಅದು ಚರಿತ್ರೆಯ ಪುಟ ಸೇರುತ್ತದೆ; ಹೆಂಗಸು ಹಾಗೆ ಹೋದರೆ ಅದು ಮದುವೆಯೆನಿಸಿಕೊಂಡು ಸೋಬಾನೆಯ ಹಾಡಿನೊಂದಿಗೆ ಮುಗಿಯುತ್ತದೆ. ಕಿತ್ತೂರ ರಾಣಿ ಚೆನ್ನಮ್ಮನ ಬಾಳನ್ನು ಈ ಒಂದು ದೃಷ್ಟಿಯಿಂದ ನೋಡಬೇಕೆಂಬ ಆಸೆ ನನಗೆ ಬಹುದಿನಗಳಿಂದ ಇದೆ. ಆಕೆಯ ಕತ್ತಿಯನ್ನೂ ಕುದುರೆಯನ್ನೂ ಕುರಿತು ಲಾವಣಿಗಳು, ನಾಟಕಗಳು, 1961ರಲ್ಲಿ ತೆರೆ ಕಂಡ ಚಲನಚಿತ್ರ ಬೇಕಾದಷ್ಟು ಹೇಳಿವೆ. ಆದರೆ ಆಕೆ ಕಿತ್ತೂರಿಗೆ ಹೊರಗಿನಿಂದ ಬಂದವಳು ಎಂಬ ಸರಳವಾದ ಸಂಗತಿಯನ್ನು ನಾವು ಅಷ್ಟಾಗಿ ಗಮನಿಸಿದಂತಿಲ್ಲ.

ಆಕೆ ಬಂದು ಸೇರಿದ ಸೀಮೆ ಎಂತಹುದೆಂಬುದನ್ನು ಮೊದಲು ತಿಳಿಯಬೇಕು. ಪಶ್ಚಿಮದ ಕಾಡಿನಲ್ಲಿ ಕಣಕುಂಬಿಯ ಬಳಿ ಹುಟ್ಟಿದ ಮಲಪ್ರಭೆ ಸಂಗೊಳ್ಳಿಯನ್ನು ಹಾಯ್ದು, ಬೈಲಹೊಂಗಲದ ಎರೆಭೂಮಿಯನ್ನು ದಾಟಿ, ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿಕೊಂಡು ರಾಮದುರ್ಗದ ಕಡೆಗೆ ಹರಿಯುತ್ತದೆ. ಈ ನದಿಯ ಎರಡೂ ಮಗ್ಗುಲಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಚಿಕ್ಕ ಚಿಕ್ಕ ದೇಸಗತಿಗಳಿದ್ದವು. ಉತ್ತರಕ್ಕೆ ಪುಣೆಯ ಪೇಶ್ವೆಯರು, ದಕ್ಷಿಣಕ್ಕೆ ಮೈಸೂರಿನ ಹೈದರನೂ ಟಿಪ್ಪುವೂ. ಇಬ್ಬರ ದಂಡೂ ಹಾಯುವುದು ಇವರ ಹೊಲಗಳ ಮೇಲೆಯೇ. ಇಂದು ಒಬ್ಬರಿಗೆ ಕಪ್ಪ, ನಾಳೆ ಇನ್ನೊಬ್ಬರಿಗೆ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದ, ರಾಮದುರ್ಗ, ಕಿತ್ತೂರುಗಳನ್ನು ಒಂದರ ಹಿಂದೊಂದರಂತೆ ಹಿಡಿಯಿತು. ಗಡಿನಾಡೆಂಬ ಮಾತಿಗೆ ಇದಕ್ಕಿಂತ ಬೇರೆ ಅರ್ಥ ಬೇಕಿಲ್ಲ.

ಕಿತ್ತೂರಿನ ಅರಸು ಮನೆತನವೂ ಮೂಲತಃ ವಲಸೆ ಬಂದದ್ದೇ. ಸಾಗರದ ಕಡೆಯ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ವಿಜಾಪುರದ ದಂಡಿನೊಡನೆ ಬಂದು, 1585ರಲ್ಲಿ ಈಗಿನ ಬೈಲಹೊಂಗಲ ತಾಲೂಕಿನ ಸಂಪಗಾವಿಯಲ್ಲಿ ನೆಲೆಸಿದರು. ಮುಂದಿನ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿಯ ಕಾಲದಲ್ಲಿ ರಾಜಧಾನಿ ಕಿತ್ತೂರಿಗೆ ಬಂದಿತು. ಅಂದಮೇಲೆ ಅರಸನಾಗಲಿ ಅರಸಿಯಾಗಲಿ ಆ ನೆಲಕ್ಕೆ ಆದಿಯಿಂದ ಅಂಟಿಕೊಂಡವರಲ್ಲ. ದುಡಿದು, ಕಾದು, ಬಾಳಿ ಅದನ್ನು ತಮ್ಮದಾಗಿಸಿಕೊಂಡವರು.

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿಯ ಉತ್ತರಕ್ಕಿರುವ ಕಾಕತಿಯಲ್ಲಿ, ಧೂಳಪ್ಪ ದೇಸಾಯಿಯ ಮಗಳಾಗಿ. ಕುದುರೆ ಸವಾರಿ, ಬಿಲ್ಲುವಿದ್ಯೆ, ಕತ್ತಿವರಸೆಗಳನ್ನು ಎಳೆಯ ವಯಸ್ಸಿನಲ್ಲಿಯೇ ಕಲಿತಳೆಂದು ಹೇಳುತ್ತಾರೆ. ಕಿತ್ತೂರಿನ ಮಲ್ಲಸರ್ಜ ದೇಸಾಯಿ ಬೇಟೆಗೆಂದು ಕಾಕತಿಯ ಕಡೆ ಬಂದಾಗ, ಒಂದೇ ಹುಲಿಗೆ ಇಬ್ಬರ ಬಾಣವೂ ನಾಟಿತೆಂದು ಜನರು ಕಟ್ಟಿದ ಕತೆಯೊಂದಿದೆ. ಕತೆ ನಿಜವೋ ಅಲ್ಲವೋ, ಜನಮನ ಅದರಲ್ಲಿ ಒಂದು ಮಾತನ್ನು ಹೇಳಿಕೊಂಡಿದೆ: ಈ ಹೆಣ್ಣನ್ನು ಯಾರೋ ಕೊಂಡೊಯ್ಯಲಿಲ್ಲ, ಸರಿಸಮಳಾಗಿ ಹೊರಟು ಬಂದಳು. ಮಲ್ಲಸರ್ಜನೂ ಸಾಮಾನ್ಯನಲ್ಲ. ಟಿಪ್ಪುವಿನ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದು ಮತ್ತೆ ತನ್ನ ಸಂಸ್ಥಾನವನ್ನು ಕಟ್ಟಿಕೊಂಡವನು. ಆತನಿಗೆ ಆಗಲೇ ಹಿರಿಯ ಹೆಂಡತಿಯಿದ್ದಳು: ಸವದತ್ತಿ ಸೀಮೆಯ ತಲ್ಲೂರ ದೇಸಾಯರ ಮಗಳು ರುದ್ರಮ್ಮ. ಆಕೆಯೂ ಹಾಗೆಯೇ ತವರು ಬಿಟ್ಟು ಬಂದವಳು. ಅದಕ್ಕೂ ನೂರು ವರ್ಷ ಹಿಂದೆ ಸೋದೆಯಿಂದ ಬೆಳವಡಿಗೆ ಸೊಸೆಯಾಗಿ ಬಂದ ಮಲ್ಲಮ್ಮ, ಶಿವಾಜಿಯ ದಂಡನ್ನು ಎದುರಿಸಿ ಹೆಸರಾದಳು. ಆ ಬೆಳವಡಿಯಿರುವುದೂ ಈ ಬೈಲಹೊಂಗಲ ಸೀಮೆಯಲ್ಲಿಯೇ. ಈ ಗಡಿನಾಡನ್ನು ಹಿಡಿದು ನಿಲ್ಲಿಸಿದವರಲ್ಲಿ ಸೊಸೆಯಂದಿರ ಪಾಲು ಚಿಕ್ಕದಲ್ಲ.

ಇಲ್ಲಿ ಹೊರದೇಶದ ಒಂದು ಸಂಗತಿ ನೆನಪಿಗೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಪೂರ್ವತೀರದಿಂದ ಎಷ್ಟೋ ಹೆಂಗಸರು ಪಶ್ಚಿಮದ ಗಡಿಸೀಮೆಗೆ ಹೋದರು. ಅಲ್ಲಿ ಗಂಡಸರು ಹೆಚ್ಚು, ಹೆಂಗಸರು ವಿರಳ. ಮದುವೆಯ ಆಸೆಯಿಂದ ಕೆಲವರು, ಶಾಲೆಯ ಉಪಾಧ್ಯಾಯಿನಿಯಾಗಿ ಸ್ವತಂತ್ರವಾಗಿ ಬದುಕುವ ಆಸೆಯಿಂದ ಕೆಲವರು ಹೊರಟರು. 1864 ಮತ್ತು 1866ರಲ್ಲಿ ಏಸಾ ಮರ್ಸರ್ ಎಂಬಾತ ಅಂಥ ಹೆಂಗಸರ ಎರಡು ತಂಡಗಳನ್ನು ಹಡಗಿನಲ್ಲಿ ಸಿಯಾಟಲ್ ನಗರಕ್ಕೆ ಕರೆತಂದನು. ಆರೆಗಾನ್ ಸೀಮೆಗೆ 1850ರಲ್ಲಿ ಆದ ಕಾಯದೆ, ಗಂಡಹೆಂಡಿರಿಗೆ ಕೊಡುವ 640 ಎಕರೆಯಲ್ಲಿ ಅರ್ಧವನ್ನು ಹೆಂಡತಿಯ ಹೆಸರಿಗೇ ಬರೆಯಿತು. 1862ರ ಕಾಯದೆಯಂತೆ ಮದುವೆಯಾಗದ ಹೆಂಗಸೂ 160 ಎಕರೆಗೆ ಅರ್ಜಿ ಹಾಕಬಹುದಾಗಿತ್ತು. ಈ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಆ ನೆಲದಲ್ಲಿ ಮೊದಲಿನಿಂದ ಬಾಳಿದ ಬುಡಕಟ್ಟಿನ ಜನರನ್ನು ತೆರವು ಮಾಡಿಯೇ ಆ ಎಕರೆಗಳನ್ನು ಹಂಚಿದ್ದೆಂಬುದನ್ನು ಮರೆಯುವಂತಿಲ್ಲ. ಅಲ್ಲಿಯ ವಧು ಗಡಿಯನ್ನು ಮುಂದೊತ್ತುವವರ ಜತೆಯಲ್ಲಿ ಬಂದಳು. ನಮ್ಮ ಕಾಕತಿಯ ವಧು, ಮುಂದೊತ್ತಿ ಬಂದವರಿಗೆ ಎದುರಾಗಿ ಗಡಿಯಲ್ಲಿ ನಿಂತಳು. ಇಬ್ಬರ ಸ್ವಾತಂತ್ರ್ಯವನ್ನೂ ತೂಗುವಾಗ ಈ ಭೇದ ನಮ್ಮ ಮನಸ್ಸಿನಲ್ಲಿರಬೇಕು.

ಚೆನ್ನಮ್ಮನ ಸಂಸಾರದ ಸುಖ ದೀರ್ಘವಾಗಲಿಲ್ಲ. 1809ರಲ್ಲಿ ಪೇಶ್ವೆಗೆ ವರ್ಷಕ್ಕೆ 1,75,000 ರೂಪಾಯಿ ಕೊಡುವ ಒಪ್ಪಂದ ಮಾಡಿಕೊಂಡಿದ್ದರೂ, ಎರಡನೆಯ ಬಾಜಿರಾಯ ಮಲ್ಲಸರ್ಜನನ್ನು ಪುಣೆಯಲ್ಲಿ ತಡೆದಿಟ್ಟನು. ದೇಹ ಜರ್ಜರಿತವಾದ ಮೇಲೆ ಬಿಡುಗಡೆ ಹೊಂದಿದ ದೇಸಾಯಿ 1816ರಲ್ಲಿ ತೀರಿಕೊಂಡನು. ಪಟ್ಟವೇರಿದವನು ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ. ಚೆನ್ನಮ್ಮನಿಗೆ ಸವತಿಯ ಮಗ. ಪೇಶ್ವೆಯ ಮೇಲಿನ ಮುನಿಸು ಹಸಿಯಾಗಿದ್ದ ಕಾಲವದು. 1818ರಲ್ಲಿ ಇಂಗ್ಲಿಷರು ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಕಿತ್ತೂರು ಅವರಿಗೆ ನೆರವಾಯಿತು. ಅದಕ್ಕೆ ಪ್ರತಿಯಾಗಿ ಸಂಸ್ಥಾನ ದೇಸಾಯಿಯ ಕೈಯಲ್ಲಿಯೇ ಉಳಿಯಿತು. ಒಬ್ಬ ಒಡೆಯನ ಕಾಟ ತಪ್ಪಿತೆಂದು ತಿಳಿದವರಿಗೆ ಇನ್ನೊಬ್ಬ ಒಡೆಯನ ಸ್ವಭಾವ ತಿಳಿಯುವುದಕ್ಕೆ ಆರೇ ವರ್ಷ ಸಾಕಾಯಿತು.

ಶಿವಲಿಂಗರುದ್ರಸರ್ಜನಿಗೆ ಮಕ್ಕಳಿರಲಿಲ್ಲ. ಕಾಯಿಲೆ ಬಿದ್ದು, ಮಾಸ್ತಮರಡಿಯ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡು, 1824ರ ಸೆಪ್ಟೆಂಬರ್ 11ರಂದು ಕಣ್ಣು ಮುಚ್ಚಿದನು. ದತ್ತಕದ ಪತ್ರ ಧಾರವಾಡದ ಕಲೆಕ್ಟರನ ಕೈ ಸೇರಿದ್ದು ದೇಸಾಯಿ ತೀರಿಕೊಂಡ ಮೇಲೆ. ಆ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ. ಮುಂದೆ ಇಂಗ್ಲಿಷ್ ಕಾದಂಬರಿಕಾರನೆಂದು ಹೆಸರಾದ ಥ್ಯಾಕರೆಗೆ ಈತ ಚಿಕ್ಕಪ್ಪ. ಪತ್ರದ ಸಹಿಯ ಮೇಲೆ ಆತನಿಗೆ ಸಂಶಯ ಬಂದಿತು. ಕಂಪನಿಯ ಅಪ್ಪಣೆಯಿಲ್ಲದ ದತ್ತಕ ಸಿಂಧುವಲ್ಲವೆಂದು ವಾದ ಹೂಡಿದನು. ಖಜಾನೆಗೆ ಮುದ್ರೆ ಬಿದ್ದಿತು. ಕೊನ್ನೂರು ಮಲ್ಲಪ್ಪ, ಹಾವೇರಿ ವೆಂಕಟರಾಯ ಎಂಬವರ ಕೈಗೆ ಕಾರಭಾರ ಹೋಯಿತು.

ಆ ಗಳಿಗೆಯಲ್ಲಿ ಅರಮನೆಯಲ್ಲಿದ್ದವರು ಯಾರು? ನಾಲ್ವತ್ತಾರು ವರ್ಷದ ವಿಧವೆ ಚೆನ್ನಮ್ಮ. ತೀರಿಕೊಂಡ ದೇಸಾಯಿಯ ಎಳೆವಯಸ್ಸಿನ ಹೆಂಡತಿ ವೀರಮ್ಮ. ದತ್ತಕ ಬಂದ ಹುಡುಗ. ಮೂವರೂ ಹೊರಗಿನಿಂದ ಬಂದವರೇ. ಕಿತ್ತೂರಿನ ದೇಸಾಯರ ರಕ್ತ ಆ ಮೂವರಲ್ಲಿ ಒಬ್ಬರ ಮೈಯಲ್ಲಿಯೂ ಹರಿಯುತ್ತಿರಲಿಲ್ಲ. ಸತ್ತವನು ಸವತಿಯ ಮಗ. ದತ್ತು ಬಂದವನು ಅವನಿಗೆ ಮಗ. ಚೆನ್ನಮ್ಮ ಒಂದು ನಿವೃತ್ತಿವೇತನವನ್ನು ಒಪ್ಪಿಕೊಂಡು ಕಾಕತಿಗೆ ಮರಳಿದ್ದರೆ ಲೋಕ ಆಕೆಯನ್ನು ದೂರುತ್ತಿರಲಿಲ್ಲ. ಆಕೆ ಮೊದಲು ಹಿಡಿದದ್ದು ಲೇಖನಿಯನ್ನು. ದಖ್ಖನಿನ ಕಮೀಷನರ್ ಚಾಪ್ಲಿನನಿಗೂ, ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನಿಗೂ ಮನವಿಗಳು ಹೋದವು. ದತ್ತಕ ಒಂದು ಕುಲದ ಧರ್ಮ. ಅದಕ್ಕೆ ಪರರ ಅಪ್ಪಣೆ ಏಕೆ ಎಂಬುದು ಆಕೆಯ ನಿಲುವಿನ ತಿರುಳು. ಈ ನಿಲುವನ್ನು ನಾನು ಯುದ್ಧಕ್ಕಿಂತ ಕಡಿಮೆಯದೆಂದು ಎಣಿಸಲಾರೆ. ಮಕ್ಕಳಿಲ್ಲದ ಅರಸರ ರಾಜ್ಯಗಳನ್ನು ನುಂಗುವ ಡಾಲ್‌ಹೌಸಿಯ ನೀತಿ ಸಾತಾರೆಯನ್ನು ಹಿಡಿದದ್ದು 1848ರಲ್ಲಿ. ಝಾನ್ಸಿಯ ಸರದಿ ಅದಕ್ಕೂ ಆಮೇಲೆ. ಅದೇ ಪ್ರಶ್ನೆ ಅದಕ್ಕೆ ಇಪ್ಪತ್ತುನಾಲ್ಕು ವರ್ಷ ಮೊದಲು ಕಿತ್ತೂರಿನಲ್ಲಿ ಎದ್ದಿತ್ತು. 1857ರ ದಂಗೆಯ ತರುವಾಯ ಕ್ಯಾನಿಂಗನು ದೇಶೀಯ ಅರಸರಿಗೆ ದತ್ತಕದ ಹಕ್ಕನ್ನು ಸನದಿನ ಮೂಲಕ ಬರೆದುಕೊಟ್ಟನು. ಚೆನ್ನಮ್ಮ ಕೇಳಿದ್ದು ನ್ಯಾಯವೆಂದು ಸರಕಾರವೇ ಒಪ್ಪಿದಂತಾಯಿತು; ಅಷ್ಟು ಹೊತ್ತಿಗೆ ಆಕೆ ಸಮಾಧಿ ಸೇರಿ ಮೂವತ್ತು ವರ್ಷಕ್ಕೂ ಮೇಲಾಗಿತ್ತು.

ಮನವಿಗಳು ಫಲಿಸಲಿಲ್ಲ. 1824ರ ಅಕ್ಟೋಬರ್ 23ರ ಬೆಳಗ್ಗೆ ಥ್ಯಾಕರೆ ಫಿರಂಗಿಗಳೊಡನೆ ಕೋಟೆಯ ಬಾಗಿಲಿಗೆ ಬಂದನು. ಬಾಗಿಲು ಮುಚ್ಚಿತ್ತು. ತೆರೆಯದಿದ್ದರೆ ಒಡೆಯುವೆನೆಂದು ಕೆಲವು ನಿಮಿಷಗಳ ಅವಧಿ ಕೊಟ್ಟನು. ಅವಧಿ ಮುಗಿಯುವ ಮುನ್ನ ಬಾಗಿಲು ತಾನಾಗಿ ತೆರೆಯಿತು. ಒಳಗಿನಿಂದ ಸರದಾರ ಗುರುಸಿದ್ದಪ್ಪನ ಜನ ಪ್ರವಾಹದಂತೆ ನುಗ್ಗಿ ಬಂದರು. ಥ್ಯಾಕರೆ ಸತ್ತನು. ಆತನನ್ನು ಕೆಡವಿದ ಕೀರ್ತಿಯನ್ನು ಜನರು ಅಮಟೂರು ಬಾಳಪ್ಪನಿಗೆ ಕೊಡುತ್ತಾರೆ. ಬ್ಲ್ಯಾಕ್ ಮೊದಲಾದ ಸೈನ್ಯಾಧಿಕಾರಿಗಳೂ ಮಡಿದರು. ಸ್ಟೀವನ್‌ಸನ್, ವಾಲ್ಟರ್ ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು.

ಈ ಎಲಿಯಟ್ಟನ ವಿಷಯ ಕನ್ನಡ ಓದುಗರು ನೆನೆಯಬೇಕಾದದ್ದು. ಆಗ ಇಪ್ಪತ್ತೊಂದು ವರ್ಷದ ಆ ತರುಣ ಕಿತ್ತೂರಿನಲ್ಲಿ ಸುಮಾರು ಆರು ವಾರ ಸೆರೆಯಲ್ಲಿದ್ದನು; ಸೆರೆಯಾಳುಗಳಿಗೆ ಅಲ್ಲಿ ಕ್ರೌರ್ಯ ಸೋಂಕಲಿಲ್ಲ. ಬದುಕಿ ಹೊರಬಂದ ಆತ ಮುಂದೆ ಇದೇ ಸೀಮೆಯ ಊರೂರು ತಿರುಗಿ 595 ಶಾಸನಗಳ ಪ್ರತಿಗಳನ್ನು ಕೂಡಿಹಾಕಿಸಿದನು. ಚಾಲುಕ್ಯರ, ರಟ್ಟರ, ಕದಂಬರ ಚರಿತ್ರೆಯನ್ನು ಆಮೇಲೆ ಬರೆದ ಫ್ಲೀಟನಂಥವರಿಗೆ ಆ ಸಂಗ್ರಹ ಒಂದು ಬುನಾದಿಯಾಯಿತು. ಸಿಟ್ಟಿನ ಆ ದಿನಗಳಲ್ಲಿ ಕಿತ್ತೂರಿನ ರಾಣಿ ಆತನ ಜೀವವನ್ನು ಉಳಿಸದಿದ್ದರೆ ನಮ್ಮ ಹಳಗನ್ನಡದ ಕಲ್ಲುಗಳು ಇನ್ನೆಷ್ಟು ಕಾಲ ಮೂಕವಾಗಿರುತ್ತಿದ್ದವೋ!

ಯುದ್ಧ ನಿಲ್ಲುವುದೆಂಬ ನಂಬಿಕೆಯ ಮೇಲೆ ರಾಣಿ ಸೆರೆಯಾಳುಗಳನ್ನು ಬಿಟ್ಟುಕೊಟ್ಟಳು. ಯುದ್ಧ ನಿಲ್ಲಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಚಾಪ್ಲಿನನೂ ಕರ್ನಲ್ ಡೀಕನನೂ ದೊಡ್ಡ ದಂಡಿನೊಡನೆ ಕೋಟೆಯನ್ನು ಮುತ್ತಿದರು. ಸೋಲಾಪುರದ ಸಬ್‌ಕಲೆಕ್ಟರ್, ಥಾಮಸ್ ಮನ್ರೋನ ಬಂಧುವಾದ ಮನ್ರೋ ಅಲ್ಲಿ ಮಡಿದನು. ಡಿಸೆಂಬರ್ 5ರಂದು ಕೋಟೆ ಬಿದ್ದಿತು. ಮದ್ದಿನಲ್ಲಿ ಮನೆಮುರುಕರು ಸಗಣಿ ಬೆರೆಸಿದ್ದರೆಂದು ಜನ ಇಂದಿಗೂ ಹೇಳುತ್ತಾರೆ. ತಮ್ಮವರ ಕೈಯಿಂದಲ್ಲದೆ ಕಿತ್ತೂರು ಬೀಳಲಾರದೆಂಬ ಅಭಿಮಾನ ಆ ಮಾತಿನಲ್ಲಿದೆ.

ಅಲ್ಲಿಂದ ಚೆನ್ನಮ್ಮನ ಎರಡನೆಯ ವಲಸೆ. ಮೊದಲನೆಯದು ಕಾಕತಿಯಿಂದ ಕಿತ್ತೂರಿಗೆ, ದಿಬ್ಬಣದೊಡನೆ. ಎರಡನೆಯದು ಕಿತ್ತೂರಿನಿಂದ ಬೈಲಹೊಂಗಲದ ಕೋಟೆಗೆ, ಪಹರೆಯೊಡನೆ. ದಾರಿ ದೂರದ್ದಲ್ಲ, ಒಂದು ದಿನದ ಪಯಣ. ಸೊಸೆ ವೀರಮ್ಮನೂ ಸೆರೆಯಾಳಾಗಿ ಜತೆಗೆ ಬಂದಳು. ಅತ್ತೆ ಸೊಸೆಯರು ಒಂದೇ ಸೆರೆಮನೆಯ ಗೋಡೆಗಳ ನಡುವೆ ಕಳೆದ ಆ ವರ್ಷಗಳು ಯಾವ ನಾಟಕಕಾರನಿಗೂ ಅಷ್ಟಾಗಿ ಒದಗಿಲ್ಲ. ಕತ್ತಿಯ ಝಣತ್ಕಾರವಿಲ್ಲದ ಆ ನಾಲ್ಕು ವರ್ಷಗಳಲ್ಲಿಯೇ ಆಕೆಯ ಧೈರ್ಯದ ಕಠಿಣ ಪರೀಕ್ಷೆ ನಡೆಯಿತೆಂದು ನನ್ನ ಎಣಿಕೆ. ಲಿಂಗಪೂಜೆ, ಶಿವಸ್ಮರಣೆಗಳಲ್ಲಿ ದಿನ ಕಳೆದು, 1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಅಲ್ಲಿಯೇ ಲಿಂಗೈಕ್ಯಳಾದಳು. ಅದೇ ವರ್ಷದ ಕೊನೆಯಲ್ಲಿ ಸಂಗೊಳ್ಳಿಯ ರಾಯಣ್ಣ, ಆ ದತ್ತಕಪುತ್ರನ ಹೆಸರಿನಲ್ಲಿಯೇ ಮತ್ತೆ ಬಂಡೆದ್ದನು. 1831ರ ಜನವರಿಯಲ್ಲಿ ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಿದರು. ವೇಷ ಮರೆಸಿಕೊಂಡು ಆತ ಬೈಲಹೊಂಗಲದ ಸೆರೆಯಲ್ಲಿ ರಾಣಿಯನ್ನು ಕಂಡು ಹೋಗುತ್ತಿದ್ದನೆಂದು ಹಾಡುವವರಿದ್ದಾರೆ. ಸಂಗೊಳ್ಳಿಯ ಮಗ ಕಾಕತಿಯ ಮಗಳನ್ನು ತಾಯಿಯೆಂದು ಬಗೆದನು. ಊರು ಒಬ್ಬಳನ್ನು ತನ್ನವಳೆಂದು ಒಪ್ಪಿತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಕಿತ್ತೂರಿನ ಕಲ್ಮಠದಲ್ಲಿ ಆ ಮನೆತನದ ಅರಸರ ಸಮಾಧಿಗಳಿವೆ. ಚೆನ್ನಮ್ಮನದು ಅಲ್ಲಿಲ್ಲ, ಬೈಲಹೊಂಗಲದಲ್ಲಿದೆ. 2007ರಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲಿ ಆಕೆಯ ಪ್ರತಿಮೆ ನಿಂತಿತು; 2010ರಲ್ಲಿ ಬೆಳಗಾವಿಯ ವಿಶ್ವವಿದ್ಯಾಲಯ ಆಕೆಯ ಹೆಸರನ್ನು ಹೊತ್ತಿತು. ಪ್ರತಿಮೆಯಲ್ಲಿ ಆಕೆ ಕುದುರೆಯ ಮೇಲಿದ್ದಾಳೆ, ಕೈಯಲ್ಲಿ ಕತ್ತಿಯಿದೆ. ಅದು ಸರಿಯೆ. ಆದರೆ ಆ ಕತ್ತಿ ಮೇಲೆದ್ದುದು ಹುಟ್ಟಿದ ಊರಿಗಾಗಿ ಅಲ್ಲ, ಹೆತ್ತ ಮಗನಿಗಾಗಿಯೂ ಅಲ್ಲ ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕು. ಸೇರಿದ ಊರಿಗಾಗಿ, ಮಡಿಲಿಗೆ ಬಂದ ಪರರ ಮಗುವಿಗಾಗಿ ಆಕೆ ನಿಂತಳು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಮನೆಮನೆಯಲ್ಲಿಯೂ ಹೀಗೆ ಬೇರೆ ಊರಿನಿಂದ ಬಂದು, ಆ ಮನೆಯ ಹೊಲ, ದನಕರು, ಮಾನ ಮರ್ಯಾದೆಗಳನ್ನು ತನ್ನವೆಂದು ಕಾಯುತ್ತಿರುವ ಹೆಣ್ಣುಮಗಳೊಬ್ಬಳಿದ್ದಾಳೆ. ಆ ಹೊಲದ ಉತಾರೆಯಲ್ಲಿ ಅವಳ ಹೆಸರಿದೆಯೆ ಎಂದು ನಾವು ಒಮ್ಮೆ ತೆರೆದು ನೋಡಿದರೆ, ಚೆನ್ನಮ್ಮನ ಮನವಿಗೆ ಇನ್ನೂ ಉತ್ತರ ಕೊಡುವುದು ಬಾಕಿಯಿದೆಯೆಂಬುದು ತಿಳಿದೀತು.