ಹೂಂ ಎಂದ ಎಂಜಿನಿಯರ್

ಮೈಕ್ರೊಪ್ರೊಸೆಸರ್ ಪಾಠ ಶುರುವಾಗುವುದೇ ಇಂಟೆಲ್ 4004ರಿಂದ. 1971, ನಾಲ್ಕು ಬಿಟ್, 2,300 ಟ್ರಾನ್ಸಿಸ್ಟರ್. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅದರ ಹಿಂದಿದ್ದವರ ಬಗ್ಗೆ ಓದುತ್ತಾ ಹೋದಾಗ ನನಗೆ ತುಂಬಾ ಇಷ್ಟವಾದವರು ಅದನ್ನು ವಿನ್ಯಾಸ ಮಾಡದ ಒಬ್ಬ ಎಂಜಿನಿಯರ್: ರಾಬರ್ಟ್ ನಾಯ್ಸ್.

1927ರಲ್ಲಿ ಅಮೆರಿಕದ ಅಯೋವಾದಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ನಾಯ್ಸ್, ಹನ್ನೆರಡನೇ ವಯಸ್ಸಿಗೇ ಅಣ್ಣನ ಜೊತೆ ಗ್ಲೈಡರ್ ಕಟ್ಟಿ ಹಾರಿದ ಹುಡುಗ. 1948ರಲ್ಲಿ, ಅಂದರೆ ಸರಿಯಾಗಿ ನನ್ನ ವಯಸ್ಸಿನಲ್ಲಿ, ಹಾಸ್ಟೆಲ್ ಪಾರ್ಟಿಗೆಂದು ಹಂದಿ ಕದ್ದು ಸಿಕ್ಕಿಬಿದ್ದರು. ರೈತರ ನಾಡಾದ ಅಯೋವಾದಲ್ಲಿ ಅದು ಜೈಲಿಗೆ ಹೋಗುವಂಥ ಅಪರಾಧ. ಭೌತಶಾಸ್ತ್ರದ ಪ್ರೊಫೆಸರ್ ಗ್ರ್ಯಾಂಟ್ ಗೇಲ್ ಮತ್ತಿತರರು ಹುಡುಗನ ಪರ ನಿಂತಿದ್ದರಿಂದ ಒಂದು ಸೆಮಿಸ್ಟರ್ ಅಮಾನತಿನಲ್ಲಿ ಮುಗಿಯಿತು. ಆಗಷ್ಟೇ ಹುಟ್ಟಿದ್ದ ಟ್ರಾನ್ಸಿಸ್ಟರನ್ನು ಅವರಿಗೆ ಪರಿಚಯಿಸಿದವರೂ ಇದೇ ಗೇಲ್.

ಎಂಐಟಿಯಲ್ಲಿ ಪಿಎಚ್.ಡಿ. ಮಾಡಿದ ನಾಯ್ಸ್, 1956ರಲ್ಲಿ ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿಯವರ ಕಂಪನಿ ಸೇರಿದರು. ಅಲ್ಲಿ ಹೊಸ ಬಗೆಯ ಡಯೋಡ್ ಒಂದರ ಕಲ್ಪನೆಯನ್ನು ಬರೆದು ತೋರಿಸಿದಾಗ ಶಾಕ್ಲಿ ಆಸಕ್ತಿ ತೋರಲಿಲ್ಲ. ನಾಯ್ಸ್ ಅದನ್ನು ಅಲ್ಲಿಗೇ ಬಿಟ್ಟರು. ಅಂಥದೇ ಟನೆಲ್ ಡಯೋಡ್ ಮೇಲೆ ಕೆಲಸ ಮಾಡಿದ ಜಪಾನಿನ ಲಿಯೊ ಎಸಾಕಿ 1973ರಲ್ಲಿ ನೊಬೆಲ್ ಪಡೆದರು.

1957ರಲ್ಲಿ ಎಂಟು ಜನ ಶಾಕ್ಲಿಯವರನ್ನು ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ನಾಯ್ಸ್ ಅವರಲ್ಲೊಬ್ಬರು. ಇಡೀ ಸರ್ಕಿಟನ್ನು ಒಂದೇ ತುಣುಕಿನ ಮೇಲೆ ಮಾಡಬಹುದೆಂದು ಜ್ಯಾಕ್ ಕಿಲ್ಬಿ 1958ರಲ್ಲೇ ತೋರಿಸಿದ್ದರು. ಆದರೆ ಭಾಗಗಳನ್ನು ಜೋಡಿಸಲು ತಂತಿ ಬೇಕಿತ್ತು. ಸಹೋದ್ಯೋಗಿ ಜೀನ್ ಹೋರ್ನಿ ಕಂಡುಕೊಂಡ ವಿಧಾನವನ್ನು ಆಧರಿಸಿ, ಸಿಲಿಕಾನ್‌ನ ಆಕ್ಸೈಡ್ ಪದರದ ಮೇಲೆ ಲೋಹದ ಗೆರೆ ಎಳೆದರೆ ಸಾಕು, ತಂತಿಯೇ ಬೇಡ ಎಂಬ ದಾರಿಯನ್ನು ನಾಯ್ಸ್ 1959ರಲ್ಲಿ ತೋರಿಸಿದರು. ಚಿಪ್‌ಗಳನ್ನು ಸಾವಿರಗಟ್ಟಲೆ ತಯಾರಿಸಲು ಸಾಧ್ಯವಾದದ್ದು ಹೀಗೆ.

1968ರಲ್ಲಿ ಗಾರ್ಡನ್ ಮೂರ್ ಜೊತೆ ಇಂಟೆಲ್ ಆರಂಭಿಸಿದರು. ಮರುವರ್ಷ ಜಪಾನಿನ ಬಿಸಿಕಾಮ್ ಕಂಪನಿ ಕ್ಯಾಲ್ಕುಲೇಟರ್‌ಗೆಂದು ಹಲವು ಚಿಪ್‌ಗಳನ್ನು ಮಾಡಿಕೊಡಲು ಕೇಳಿತು. ಅಷ್ಟೆಲ್ಲ ಯಾಕೆ, ಪ್ರೋಗ್ರಾಂ ಮಾಡಬಲ್ಲ ಒಂದು ಪ್ರೊಸೆಸರ್ ಇದ್ದರೆ ಸಾಕಲ್ಲ ಎಂದು ಯುವ ಎಂಜಿನಿಯರ್ ಟೆಡ್ ಹಾಫ್‌ಗೆ ಅನಿಸಿತು. ಗ್ರಾಹಕರು ಕೇಳಿದ್ದು ಅದಲ್ಲ. ಕಂಪನಿ ಹುಟ್ಟಿದ್ದೂ ಮೆಮೊರಿ ಚಿಪ್ ಮಾಡಲು. ಆದರೂ ನಾಯ್ಸ್ ಹೂಂ, ಮುಂದುವರಿಸು ಎಂದರು. ಬಿಸಿಕಾಮ್‌ನ ಮಸತೋಶಿ ಶಿಮಾ ನೆರವಿನಿಂದ ಫೆಡೆರಿಕೊ ಫಾಜಿನ್ ಅದನ್ನು ಸಿಲಿಕಾನ್‌ಗೆ ಇಳಿಸಿದರು. 4004 ಚಿಪ್ ಮೇಲೆ ಫಾಜಿನ್ ಹೆಸರಿನ ಮೊದಲಕ್ಷರಗಳಿವೆ. ನಾಯ್ಸ್ ಹೆಸರಿಲ್ಲ.

1990ರ ಜೂನ್ 3ರಂದು, 62ನೇ ವಯಸ್ಸಿನಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಹತ್ತು ವರ್ಷದ ಬಳಿಕ ಕಿಲ್ಬಿಗೆ ನೊಬೆಲ್ ಬಂದಾಗ, ಹಂಚಿಕೊಳ್ಳಲು ಅವರಿರಲಿಲ್ಲ.

ನಮ್ಮ ಪ್ರಾಜೆಕ್ಟ್ ತಂಡಗಳಲ್ಲಿ ಯಾರಾದರೂ ಹೊಸತೇನಾದರೂ ಹೇಳಿದರೆ, ಮಾರ್ಕ್ಸ್ ಹೋಗುತ್ತೆ, ಕಳೆದ ವರ್ಷದ್ದನ್ನೇ ಮಾಡೋಣ ಎನ್ನುವವರೇ ಹೆಚ್ಚು. ನಾಳೆ ನಾವೂ ಟೀಮ್ ಲೀಡರ್‌ಗಳಾಗುತ್ತೇವೆ, ಮೇಷ್ಟ್ರಾಗುತ್ತೇವೆ. ಆಗ ನಮ್ಮೆದುರು ಒಬ್ಬ ಹಾಫ್ ಬಂದು ನಿಂತರೆ ನಾವು ಶಾಕ್ಲಿಯಾಗುತ್ತೇವೋ, ನಾಯ್ಸ್ ಆಗುತ್ತೇವೋ? ಅದರ ಅಭ್ಯಾಸವನ್ನು ಈ ಸೆಮಿಸ್ಟರ್‌ನಿಂದಲೇ ಶುರು ಮಾಡಬಹುದು.