ಆಲ್ಫ್ರೆಡ್ ಹಿಚ್‌ಕಾಕ್: ದಾರಿಹೋಕನಾಗಿ ಬಂದ ದಿಗ್ದರ್ಶಕ

ಭಯಾನಕ ರಸವನ್ನು ಬೆಳ್ಳಿತೆರೆಯ ಮೇಲೆ ಪಳಗಿಸಿದ ದಿಗ್ದರ್ಶಕರೆಂದು ಲೋಕವಿಖ್ಯಾತರಾದ ಆಲ್ಫ್ರೆಡ್ ಹಿಚ್‌ಕಾಕ್ ಅವರು 1899ರ ಆಗಸ್ಟ್ 13ರಂದು, ಲಂಡನ್ ನಗರದ ಅಂಚಿನಲ್ಲಿದ್ದ ಲೇಟನ್‌ಸ್ಟೋನ್ ಎಂಬಲ್ಲಿ ತರಕಾರಿ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. ಬಾಲ್ಯದಲ್ಲಿ ತಂದೆಯು ಒಂದು ಚೀಟಿಯನ್ನು ಕೊಟ್ಟು ತಮ್ಮನ್ನು ಪೋಲೀಸು ಠಾಣೆಗೆ ಕಳುಹಿಸಿದರೆಂದೂ, ಅಲ್ಲಿಯವರು ಅದನ್ನು ಓದಿ ಕೆಲವು ನಿಮಿಷ ಕೋಣೆಯಲ್ಲಿ ಕೂಡಿಹಾಕಿದರೆಂದೂ ಅವರು ಮುಂದೆ ಹೇಳುತ್ತಿದ್ದರು. ಆ ಭೀತಿ ಅವರನ್ನು ಕಡೆಯವರೆಗೂ ಬಿಡಲಿಲ್ಲ.

ಮೂಕಿ ಚಿತ್ರಗಳಿಗೆ ಬರೆಹದ ಫಲಕಗಳನ್ನು ಸಿದ್ಧಪಡಿಸುವ ಕೆಲಸದಿಂದ ಅವರು ಚಿತ್ರರಂಗವನ್ನು ಪ್ರವೇಶಿಸಿದರು. 1927ರಲ್ಲಿ ತೆರೆಕಂಡ 'ದಿ ಲಾಡ್ಜರ್' ಚಿತ್ರದಲ್ಲಿ ಪತ್ರಿಕಾಲಯದ ದೃಶ್ಯಕ್ಕೆ ಜನ ಸಾಲದಿರಲು ತಾವೇ ಒಂದು ಮೇಜಿನ ಮುಂದೆ, ಪ್ರೇಕ್ಷಕರಿಗೆ ಬೆನ್ನುಮಾಡಿ ಕುಳಿತರು. ಕೊರತೆಯಿಂದ ಹುಟ್ಟಿದ ಈ ಕ್ರಮವು ಕಾಲಕ್ರಮೇಣ ವಾಡಿಕೆಯಾಗಿ, ನಮ್ಮ ಕೀರ್ತನಕಾರರ ಅಂಕಿತದಂತೆ ಅವರ ಕೃತಿಗಳ ಗುರುತಾಯಿತು. ಒಂದೆಡೆ ರೈಲಿನಲ್ಲಿ ಪುಸ್ತಕ ಓದುವವರು, ಇನ್ನೊಂದೆಡೆ ಭಾರಿ ತಂತೀವಾದ್ಯವನ್ನು ಹೊತ್ತು ರೈಲು ಹತ್ತುವವರು; ಮಾತಿಲ್ಲ, ಕಥೆಯಲ್ಲಿ ಕೆಲಸವಿಲ್ಲ, ಕ್ಷಣಮಾತ್ರದ ಇರವು.

1944ರ 'ಲೈಫ್‌ಬೋಟ್' ಚಿತ್ರ ಮಾತ್ರ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಕಥೆಯೆಲ್ಲವೂ ನಡುಗಡಲಿನ ಒಂದು ದೋಣಿಯಲ್ಲಿ. ಅಲ್ಲಿ ದಾರಿಹೋಕನೆಲ್ಲಿಂದ ಬಂದಾನು? ಸ್ಥೂಲಕಾಯರಾದ ಹಿಚ್‌ಕಾಕ್ ಆಗತಾನೇ ಪಥ್ಯಮಾಡಿ ಮೈ ಇಳಿಸಿಕೊಂಡಿದ್ದರು. ಇಳಿಸುವ ಮೊದಲಿನ ಮತ್ತು ಅನಂತರದ ತಮ್ಮ ಚಿತ್ರಗಳೆರಡನ್ನೂ ದೇಹ ಕರಗಿಸುವ ಕಾಲ್ಪನಿಕ ಔಷಧವೊಂದರ ಜಾಹೀರಾತಾಗಿ ಮುದ್ರಿಸಿ, ದೋಣಿಯಲ್ಲಿದ್ದವನೊಬ್ಬನು ಓದುವ ಪತ್ರಿಕೆಯಲ್ಲಿ ಸೇರಿಸಿದರು. ಆ ಔಷಧ ಎಲ್ಲಿ ದೊರೆಯುವುದೆಂದು ವಿಚಾರಿಸಿ ಜನರು ಕಾಗದ ಬರೆದರೆಂದು ಅವರೇ ಹೇಳಿಕೊಂಡಿದ್ದಾರೆ.

ಆದರೆ ವಿನೋದವೇ ವಿಘ್ನವಾಗತೊಡಗಿತು. ಜನರು ಕಥೆಯನ್ನು ಬಿಟ್ಟು, ಹಿಚ್‌ಕಾಕ್ ಎಲ್ಲಿ ಎಂದು ಹುಡುಕತೊಡಗಿದರು. ಕೃತಿಗಿಂತ ಕರ್ತೃವೇ ಮುಂದೆ ನಿಂತರೆ ರಸಭಂಗವೆಂಬುದನ್ನು ಅರಿಯದವರೇ ಅವರು? ತಮ್ಮ ದರ್ಶನವನ್ನು ಚಿತ್ರದ ಆರಂಭದಲ್ಲೇ ಮುಗಿಸತೊಡಗಿದರು. 1959ರ 'ನಾರ್ತ್ ಬೈ ನಾರ್ತ್‌ವೆಸ್ಟ್' ಚಿತ್ರದ ಮೊದಲಲ್ಲೇ ಬಸ್ಸಿನ ಬಾಗಿಲು ಅವರ ಮುಖದೆದುರಿಗೇ ಮುಚ್ಚಿಕೊಳ್ಳುತ್ತದೆ; 1963ರ 'ದಿ ಬರ್ಡ್ಸ್' ಚಿತ್ರದಲ್ಲಿ ತಮ್ಮವೇ ಆದ ಎರಡು ನಾಯಿಗಳೊಡನೆ ಅಂಗಡಿಯಿಂದ ಹೊರಬಂದು ಮರೆಯಾಗುತ್ತಾರೆ.

1956ರ 'ದಿ ರಾಂಗ್ ಮ್ಯಾನ್' ಚಿತ್ರದಲ್ಲಿ ಈ ವಿನೋದವನ್ನೇ ತೊರೆದರು. ನಿರಪರಾಧಿಯಾದ ಸಂಗೀತಗಾರನೊಬ್ಬನು ಪೋಲೀಸರ ಕೈಗೆ ಸಿಕ್ಕ ನಿಜಸಂಗತಿ ಅದು. ಠಾಣೆಯ ಬಾಗಿಲನ್ನು ಎಳೆತನದಲ್ಲೇ ಕಂಡವರಿಗೆ ಅಲ್ಲಿ ನಗೆ ಹೇಗೆ ಬಂದೀತು! ಸಂಸ್ಕೃತ ನಾಟಕದ ಸೂತ್ರಧಾರನಂತೆ ಮೊದಲಿಗೆ ಬಂದು, ಇದು ನಡೆದ ಕಥೆಯೆಂದು ತಿಳಿಸಿ ಹಿಂದೆ ಸರಿದರು.

ಶ್ರೇಷ್ಠ ದಿಗ್ದರ್ಶಕನಿಗೆ ಸಲ್ಲುವ ಆಸ್ಕರ್ ಪ್ರಶಸ್ತಿ ಐದು ಬಾರಿ ಸಮೀಪಕ್ಕೆ ಬಂದರೂ ಅವರಿಗೆ ದೊರೆಯಲಿಲ್ಲ. 1976ರ 'ಫ್ಯಾಮಿಲಿ ಪ್ಲಾಟ್' ಅವರ ಕಡೆಯ ಚಿತ್ರ. ಅದರಲ್ಲಿ ಜನನ-ಮರಣ ನೋಂದಣಿ ಕಚೇರಿಯ ಗಾಜಿನ ಬಾಗಿಲ ಹಿಂದೆ ಅವರ ನೆರಳಷ್ಟೇ ಕಾಣುತ್ತದೆ. 1980ರ ಏಪ್ರಿಲ್ 29ರಂದು ಲಾಸ್ ಏಂಜಲಿಸ್ ನಗರದಲ್ಲಿ ಅವರು ಕಾಲವಶರಾದರು.