ಅಳುವ ಮಕ್ಕಳಿಗೆ ಮಡಿಲಾದ ಪಂಡಿತಾ ರಮಾಬಾಯಿ

ಹಟ ಹಿಡಿದು ಅಳುವ ಮಗುವನ್ನು ಗುಮ್ಮನ ಹೆಸರು ಹೇಳಿ ಹೆದರಿಸುವುದು, ಅದಕ್ಕೂ ಸುಮ್ಮನಾಗದಿದ್ದರೆ ಬೆನ್ನಿಗೊಂದು ಪೆಟ್ಟು ಕೊಡುವುದು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮಾತ್ರವಲ್ಲ, ನಾಡಿನ ಎಲ್ಲೆಡೆ ಬೇರೂರಿದ ರೂಢಿ. ಭಯಕ್ಕೆ ಮಗು ಬಾಯಿ ಮುಚ್ಚಬಹುದು. ಅದರ ದುಃಖ ಮಾತ್ರ ಒಳಗೇ ಉಳಿಯುತ್ತದೆ. ಅಂಥ ದುಃಖಕ್ಕೆ ಶಿಕ್ಷೆಯಲ್ಲ, ಮಡಿಲೇ ಮದ್ದು ಎಂಬುದನ್ನು ಶತಮಾನಕ್ಕೂ ಹಿಂದೆ ಬದುಕಿ ತೋರಿದವರಲ್ಲಿ ಕನ್ನಡ ನೆಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪ್ರಮುಖರು. ಮಹಿಳಾ ಶಿಕ್ಷಣದ ಹರಿಕಾರರೆಂದು ಅವರು ಲೋಕಪ್ರಸಿದ್ಧರು. ಆದರೆ ಅವರೊಳಗಿನ ತಾಯಿಯ ಪರಿಚಯ ಅನೇಕರಿಗಿಲ್ಲ.

ಕಾಡಿನ ಪಾಠಶಾಲೆ

ರಮಾಬಾಯಿ ಜನಿಸಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವಾದ ಆ ಕಾಡು ಇಂದು ಚಿಕ್ಕಮಗಳೂರು ಜಿಲ್ಲೆಗೆ ಸೇರಿದೆ. ತಂದೆ ಅನಂತಶಾಸ್ತ್ರಿ ಡೋಂಗರೆ ಸಂಸ್ಕೃತ ವಿದ್ವಾಂಸರು. ಹೆಣ್ಣಿಗೆ ಸಂಸ್ಕೃತ ಕಲಿಸುವುದು ಅಪರಾಧವೆನಿಸಿದ್ದ ಕಾಲದಲ್ಲಿ ಅವರು ಪತ್ನಿ ಲಕ್ಷ್ಮೀಬಾಯಿಗೆ ಪಾಠ ಹೇಳಿದರು. ಬಂಧುಬಳಗದ ವಿರೋಧ ಎದುರಾದಾಗ ಊರು ತೊರೆದು ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು.

ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಕೂಸನ್ನಿಟ್ಟು, ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದರು. ಮುಂದೆ ಪುರಾಣ ಪಠಣವೇ ಜೀವನೋಪಾಯ, ಹಾದಿಯೇ ಮನೆ. ಮಗಳಿಗೆ ಎಂಟು ವರ್ಷ ತುಂಬಿದಾಗ ಲಕ್ಷ್ಮೀಬಾಯಿ ಪಾಠ ಆರಂಭಿಸಿದರು. ಹಗಲೆಲ್ಲ ದುಡಿಮೆಯಿದ್ದ ಕಾರಣ ಬೆಳಗಿನ ಜಾವವೇ ಪಾಠದ ಹೊತ್ತು. ನೆಲದ ಮೇಲೆ ಮಲಗಿದ್ದ ಮಗಳನ್ನು ಗದರಿ ಎಬ್ಬಿಸದೆ, ಮುದ್ದಿನ ಮಾತುಗಳಿಂದ ನಿದ್ದೆ ತಿಳಿಯಾಗಿಸಿ, ಹಕ್ಕಿಗಳ ದನಿಯ ನಡುವೆ ಶ್ಲೋಕ ಹೇಳಿಕೊಡುತ್ತಿದ್ದರು. ಆ ಮುಂಜಾವಿನ ಮಮತೆಯನ್ನು ರಮಾಬಾಯಿ ಎಂದೂ ಮರೆಯಲಿಲ್ಲ.

ಬರ, ಸಾವು, ಏಕಾಂಗಿತನ

1874ರ ಬರಗಾಲದಲ್ಲಿ ತಂದೆ ತೀರಿಕೊಂಡರು. ಅವರ ಹಿಂದೆಯೇ ತಾಯಿ, ಬಳಿಕ ಅಕ್ಕ. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಹಸಿವಿನಲ್ಲೇ ಉತ್ತರಕ್ಕೆ ನಡೆದ ಒಡಹುಟ್ಟಿದವರು, ಹೊದೆಯಲು ಬಟ್ಟೆಯಿಲ್ಲದೆ ನದೀತೀರದಲ್ಲಿ ಗುಂಡಿ ತೋಡಿ, ಮೈಮೇಲೆ ಮರಳು ಎಳೆದುಕೊಂಡು ಚಳಿಯ ರಾತ್ರಿಗಳನ್ನು ಕಳೆದದ್ದುಂಟು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ಅಗಲಿದರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನು ವರಿಸಿದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಮರುವರ್ಷವೇ ಪತಿ ಕಾಲರಾಕ್ಕೆ ಬಲಿಯಾದರು. ಆಗ ರಮಾಬಾಯಿಗೆ ಇನ್ನೂ 24 ತುಂಬಿರಲಿಲ್ಲ.

ಶಿಕ್ಷೆಯಿಲ್ಲದ ಕರುಣೆ

1883ರಲ್ಲಿ ಪುಟ್ಟ ಮಗಳೊಂದಿಗೆ ಇಂಗ್ಲೆಂಡಿಗೆ ತೆರಳಿದ ರಮಾಬಾಯಿ, ವಾಂಟೇಜ್ ಪಟ್ಟಣದಲ್ಲಿ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿದ್ದರು. ಆ ಸನ್ಯಾಸಿನಿಯರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ನಡೆಸುತ್ತಿದ್ದ ಆಶ್ರಯಧಾಮದ ಭೇಟಿ ಅವರ ಮನಸ್ಸನ್ನು ಕಲಕಿತು. ದಾರಿ ತಪ್ಪಿದವರೆಂದು ಸಮಾಜ ಹೊರಗಟ್ಟಿದ ಹೆಂಗಸರಿಗೆ ಅಲ್ಲಿ ದಂಡನೆಯಿರಲಿಲ್ಲ, ಆರೈಕೆಯಿತ್ತು. ಈ ಕರುಣೆಯ ಮೂಲವನ್ನು ವಿಚಾರಿಸಿದಾಗ, ಸಮಾರ್ಯದ ಹೆಂಗಸಿನೊಡನೆ ಯೇಸು ನಡೆದುಕೊಂಡ ಬಗೆಯನ್ನು ಅವರಿಗೆ ವಿವರಿಸಲಾಯಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿ, ಮಗಳು ದೀಕ್ಷಾಸ್ನಾನ ಪಡೆದರು.

ಆದಾಗ್ಯೂ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಶಿಷ್ಯೆಯಾಗಲಿಲ್ಲ. ಮನೋರಮಾಳ ಧಾರ್ಮಿಕ ಶಿಕ್ಷಣದ ವಿಷಯದಲ್ಲಿ ಸನ್ಯಾಸಿನಿಯರೊಂದಿಗೆ ತೀವ್ರ ಭಿನ್ನಾಭಿಪ್ರಾಯ ತಲೆದೋರಿತು. ಮಗಳಿಗೆ ಏನನ್ನು ಕಲಿಸಬೇಕೆಂಬ ತೀರ್ಮಾನ ತಾಯಿಯದೇ ಎಂದು ರಮಾಬಾಯಿ ಪಟ್ಟು ಹಿಡಿದರು. ವಿಪರ್ಯಾಸವೆಂದರೆ, ಮುಂದೆ ಅಮೆರಿಕದ ಓಡಾಟದಲ್ಲಿ ಅದೇ ಮಗಳಿಂದ ಬಹುಕಾಲ ದೂರವಿರಬೇಕಾಯಿತು. ಅನ್ಯರ ಮಕ್ಕಳಿಗಾಗಿ ಅವರು ತೆತ್ತ ಬೆಲೆ ಅದು.

1886ರಲ್ಲಿ ಅಮೆರಿಕಕ್ಕೆ ಹೋದ ಅವರನ್ನು ಬಹುವಾಗಿ ಸೆಳೆದದ್ದು ಶಿಶುವಿಹಾರ ಪದ್ಧತಿ. ಅದರ ಜನಕ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್, ಪಾದ್ರಿಯೊಬ್ಬರ ಮಗ. ಹಸುಳೆಯಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು. ಮಗುವನ್ನು ಬೆತ್ತದಿಂದ ತಿದ್ದುವ ಬದಲು ಹಾಡು, ಆಟ, ಮರದ ತುಂಡುಗಳ ಜೋಡಣೆಯಿಂದ ಅರಳಿಸಬೇಕೆಂಬುದು ಅವರ ತತ್ವ. ರಮಾಬಾಯಿ ಫಿಲಡೆಲ್ಫಿಯಾದಲ್ಲಿ ಈ ಪದ್ಧತಿಯನ್ನು ಅಭ್ಯಸಿಸಿದರು.

ಮುಂಬಯಿಯಿಂದ ಕೇಡಗಾಂವಕ್ಕೆ

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಅಲ್ಲಿಗೆ ಬಂದ ಬಾಲವಿಧವೆಯರು ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸಿದ ಮಕ್ಕಳು. ಗಂಡನ ಸಾವಿಗೆ ಈ ಹುಡುಗಿಯ ಪಾಪವೇ ಕಾರಣವೆಂದು ದೂರಿ, ತಲೆ ಬೋಳಿಸಿ ಮೂಲೆಗೆ ತಳ್ಳುವುದು ಅಂದಿನ ಪದ್ಧತಿ. ಅಂಥವರಿಗೆ ರಮಾಬಾಯಿ ತಮ್ಮ ಕೋಣೆಯ ಬಾಗಿಲನ್ನು ಸದಾ ತೆರೆದಿಟ್ಟರು. ಅಲ್ಲಿ ಕಲಿತ ಗೋದೂಬಾಯಿ ಎಂಬ ವಿಧವೆ 1893ರಲ್ಲಿ ಧೋಂಡೊ ಕೇಶವ ಕರ್ವೆ ಅವರನ್ನು ಮರುವಿವಾಹವಾದದ್ದು ಇತಿಹಾಸ.

ಆ ತೆರೆದ ಬಾಗಿಲೇ ವಿವಾದಕ್ಕೂ ದಾರಿಯಾಯಿತು. ರಮಾಬಾಯಿ ಪ್ರಾರ್ಥಿಸುವಾಗ ಹುಡುಗಿಯರೂ ಬಂದು ಕೂರುತ್ತಿದ್ದರು. ಸದನದಲ್ಲಿ ಮತಾಂತರ ನಡೆಯುತ್ತಿದೆ ಎಂದು ಬಾಲಗಂಗಾಧರ ಟಿಳಕರ ಕೇಸರಿ ಪತ್ರಿಕೆ ಟೀಕಿಸಿತು. 1893ರಲ್ಲಿ ರಾನಡೆ, ಭಾಂಡಾರಕರ್ ಅವರಂಥ ಹಿತೈಷಿಗಳೂ ಸಲಹಾ ಮಂಡಳಿಯಿಂದ ಹೊರನಡೆದರು. ಹಲವು ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆದರೂ ರಮಾಬಾಯಿ ಬಾಗಿಲು ಮುಚ್ಚಲಿಲ್ಲ.

1896-97ರ ಕ್ಷಾಮ ವಿಜಯಪುರವೂ ಸೇರಿದಂತೆ ದೇಶದ ವಿಶಾಲ ಭಾಗವನ್ನು ಹಿಂಡಿತು. ಹಸಿವಿನ ಹಾದಿಯನ್ನು ಸ್ವತಃ ನಡೆದಿದ್ದ ರಮಾಬಾಯಿ ಮಧ್ಯ ಪ್ರಾಂತ್ಯಕ್ಕೆ ಧಾವಿಸಿ, ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಸಮೀಪದ ಕೇಡಗಾಂವದ ಜಮೀನಿನಲ್ಲಿ ಅವರಿಗಾಗಿ ಮುಕ್ತಿ ಸದನ ತಲೆಯೆತ್ತಿತು. ಹೆತ್ತವರನ್ನು ಕಳೆದುಕೊಂಡು, ಎಲುಬಿನ ಗೂಡಾಗಿ ಬಂದ ಮಕ್ಕಳು ಅವರು. ಶಾರದಾ ಸದನದಲ್ಲಿ ಬೆಳೆದ ಹಿರಿಯ ಹುಡುಗಿಯರೇ ಈ ಹೊಸಬರ ಆರೈಕೆಯ ಹೊಣೆ ಹೊತ್ತರು. ಸಂತೈಸಲ್ಪಟ್ಟವರು ಸಂತೈಸುವವರಾದರು. 1900ರ ವೇಳೆಗೆ ಅಲ್ಲಿದ್ದವರ ಸಂಖ್ಯೆ 1500 ದಾಟಿತ್ತು. ಓದಿನೊಂದಿಗೆ ನೇಯ್ಗೆ, ಮುದ್ರಣ, ಬೇಸಾಯ ಕಲಿಸಲಾಗುತ್ತಿತ್ತು. ಅಂಧರಿಗೆ ಬ್ರೈಲ್ ಪಾಠವೂ ಇತ್ತು.

ಮಗಳು ಮನೋರಮಾ ತಾಯಿಯ ಬಲಗೈಯಾದರು. 1912ರಲ್ಲಿ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಪ್ರೌಢಶಾಲೆ ಆರಂಭಿಸಲು ಅವರು ಶ್ರಮಿಸಿದರು. ಹೀಗೆ ತಾಯಿಯ ಹುಟ್ಟುನಾಡಿಗೂ ಈ ಸೇವೆ ತಲುಪಿತು. ಆದರೆ 1921ರಲ್ಲಿ ಮನೋರಮಾ ಅಕಾಲದಲ್ಲಿ ಅಗಲಿದರು. ಒಂದು ವರ್ಷ ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು ರಮಾಬಾಯಿಯೂ ಕಣ್ಣು ಮುಚ್ಚಿದರು. 1989ರಲ್ಲಿ ಭಾರತ ಸರ್ಕಾರ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರತಂದಿತು.

ಇಂದು ಊರೂರಿನ ಅಂಗನವಾಡಿಗಳಲ್ಲಿ ಹಾಡು, ಆಟದ ಮೂಲಕವೇ ಕಲಿಕೆ ಶುರುವಾಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಆದರೆ ಕಾನೂನು ಶಾಲೆಯ ಬೆತ್ತವನ್ನು ಕಸಿದುಕೊಳ್ಳಬಹುದೇ ಹೊರತು ಮನೆಯಲ್ಲಿ ಅಳುವ ಕೂಸನ್ನು ಎತ್ತಿಕೊಳ್ಳಲಾರದು. ಅದು ಹೆತ್ತವರ ಕೈಗಳೇ ಮಾಡಬೇಕಾದ ಕೆಲಸ. ಕಾಡಿನ ಮುಂಜಾವಿನಲ್ಲಿ ಲಕ್ಷ್ಮೀಬಾಯಿ ಮಗಳಿಗೆ ಕೊಟ್ಟ ನಾಲ್ಕು ಮುದ್ದಿನ ಮಾತು ಮುಂದೆ ಸಾವಿರಾರು ಅನಾಥ ಮಕ್ಕಳಿಗೆ ಆಸರೆಯಾಯಿತು ಎಂಬುದನ್ನು ನೆನೆದರೆ, ಆ ಕೆಲಸ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.